ಐದು ಸೆಕೆಂಡಿನ ತ್ರಿವಿಕ್ರಮ

ಇಂದಿರಾನಗರದಲ್ಲಿ ನಮ್ಮ ಮೆಟ್ರೊ ಹತ್ತಿ ಹಲಸೂರಿನಲ್ಲಿ ಇಳಿಯಲು ಎರಡು ಮೂರು ನಿಮಿಷ ಸಾಕು. ಸಿಎಂಎಚ್ ರಸ್ತೆಯ ತಾರಸಿಗಳು, ಅಲ್ಲಿ ಒಣಗುವ ಬಟ್ಟೆಗಳು, ಅಂಗಡಿಗಳ ಫಲಕಗಳು ಕಿಟಕಿಯಾಚೆ ಸರಿದು ಮರೆಯಾಗುವುದರೊಳಗೆ ಮುಂದಿನ ನಿಲ್ದಾಣದ ಘೋಷಣೆ ಕೇಳಿಬರುತ್ತದೆ. ಆ ಅಲ್ಪಾವಧಿಯಲ್ಲಿ ನನ್ನ ಅಕ್ಕನ ಮಗಳು ಒಂದು ಸಂಜೆ ಇಪ್ಪತ್ತು ವಿಡಿಯೊ ಗೇಮ್‌ಗಳನ್ನು ಆಡಿ ಮುಗಿಸಿದಳು. ಒಂದೇ ಗೇಮಿನ ಇಪ್ಪತ್ತು ಹಂತಗಳಲ್ಲ. ಆರಂಭ, ಸಂಕಟ, ಫಲಿತಾಂಶ ಎಲ್ಲವೂ ಇರುವ ಇಪ್ಪತ್ತು ಬೇರೆ ಬೇರೆ ಆಟಗಳು. ಅಂಗೈಯಗಲದ ಆ ಹಳೆಯ ಯಂತ್ರವನ್ನು ಅವಳು ಕಾರಿನ ಸ್ಟಿಯರಿಂಗ್‌ನಂತೆ ಎಡಬಲಕ್ಕೆ ಹೊರಳಿಸುತ್ತಿದ್ದಳು, ಒಮ್ಮೊಮ್ಮೆ ಪೂರ್ತಿ ತಲೆಕೆಳಗು ಮಾಡುತ್ತಿದ್ದಳು. ಪಕ್ಕದಲ್ಲಿ ನಿಂತಿದ್ದ ಹಿರಿಯರೊಬ್ಬರು ಮೊಣಕೈ ತಾಗದಂತೆ ಒಂದು ಹೆಜ್ಜೆ ಹಿಂದೆ ಸರಿದು, "ಕೆಟ್ಟುಹೋಗಿದೆಯೇನಮ್ಮಾ ಅದು?" ಎಂದು ವಿಚಾರಿಸಿದರು. "ಇಲ್ಲ ಅಂಕಲ್, ಇದನ್ನ ಹೀಗೇ ಆಡೋದು" ಎಂದು ಅವಳು ತಲೆ ಎತ್ತದೆಯೇ ಉತ್ತರಿಸಿದಳು. ಆ ಒಂದು ವಾಕ್ಯದ ಅವಧಿಯಲ್ಲಿ ಅವಳೊಂದು ಆಟ ಸೋತಳು.

ಹಾಗೆ ಆಡುವ ಆಟದ ಹೆಸರು 'ವಾರಿಯೊವೇರ್: ಟ್ವಿಸ್ಟೆಡ್'. ಜಪಾನಿನ ನಿಂಟೆಂಡೊ ಸಂಸ್ಥೆ 2003ರಲ್ಲಿ ಆರಂಭಿಸಿದ ಮಾಲಿಕೆಯ ಅತ್ಯಂತ ವಿಲಕ್ಷಣ ಕೃತಿ ಅದು. ನನ್ನ ಎಣಿಕೆಯಲ್ಲಿ ಅತ್ಯಂತ ಶ್ರೇಷ್ಠವೂ ಹೌದು. ಅಪಾರ ಭೂಪ್ರದೇಶ, ಗಂಟೆಗಟ್ಟಲೆ ಕಥಾನಕ, ಸಾವಿರಾರು ಶತ್ರುಗಳು ಇದ್ದರೇ ವಿಡಿಯೊ ಗೇಮ್ ಎಂದು ಜಗತ್ತು ನಂಬತೊಡಗಿದ್ದ ಕಾಲದಲ್ಲಿ ಈ ಮಾಲಿಕೆ ವಾಮನನ ದಾರಿ ಹಿಡಿಯಿತು. ಕುಗ್ಗಿತು, ಮತ್ತಷ್ಟು ಕುಗ್ಗಿತು, ಕೊನೆಗೆ ಒಂದು ಇಡೀ ಆಟವನ್ನು ಐದು ಸೆಕೆಂಡಿನೊಳಗೆ ಅಡಗಿಸಿತು. ಆ ಐದು ಸೆಕೆಂಡಿನಲ್ಲಿ ಅದು ಅಳೆದ ನೆಲ ಎಷ್ಟೆಂಬುದು ಮುಂದಿನ ಇಪ್ಪತ್ತು ವರ್ಷಗಳಲ್ಲಿ ಒಂದೊಂದೇ ಹೆಜ್ಜೆಯಾಗಿ ಗೊತ್ತಾಯಿತು.

ಇದರ ವ್ಯಾಕರಣ ಬಹಳ ಸರಳ. ಪರದೆಯ ಮೇಲೆ ಒಂದೇ ಒಂದು ಆಜ್ಞಾರ್ಥಕ ಕ್ರಿಯಾಪದ ಮಿಂಚುತ್ತದೆ: ಹಿಡಿ, ಹಾರು, ತಿನ್ನು, ತಪ್ಪಿಸಿಕೊ. ಹಿಂದೆಯೇ ಒಂದು ಚಿತ್ರ. ಏನು ಮಾಡಬೇಕೆಂದು ಯಾರೂ ವಿವರಿಸುವುದಿಲ್ಲ. ಊಹಿಸಿ, ಮಾಡಿ ಮುಗಿಸಬೇಕು. ಗೆದ್ದರೆ ಮುಂದಿನ ಆಟ, ಸೋತರೆ ನಾಲ್ಕು ಜೀವಗಳಲ್ಲಿ ಒಂದು ಖೋತಾ. ಸಂಗೀತದ ಲಯ ಏರಿದಂತೆಲ್ಲ ಆಟದ ಗತಿಯೂ ಏರುತ್ತದೆ, ವಿಳಂಬದಿಂದ ದ್ರುತಕ್ಕೆ. ಇಂಥ ಪುಟ್ಟ ಆಟಕ್ಕೆ ಮೈಕ್ರೋಗೇಮ್ ಎಂದು ಹೆಸರು. ನಮ್ಮ ಮನೆಗಳಿಗೆ ಇದು ತೀರಾ ಅಪರಿಚಿತವೇನಲ್ಲ. ಬೆಳಿಗ್ಗೆ ಏಳು ಗಂಟೆಗೆ ಶಾಲೆಯ ಬಸ್ಸು ಬರುವ ಯಾವುದೇ ಮನೆಯಲ್ಲಿ "ಏಳು, ಉಜ್ಜು, ತಿನ್ನು, ಹಾಕ್ಕೊ, ಓಡು" ಎಂಬ ಆಜ್ಞೆಗಳ ಸರಮಾಲೆಯನ್ನು ತಾಯಂದಿರು ಇದೇ ವೇಗದಲ್ಲಿ ನಡೆಸುತ್ತಾರೆ. ಅಲ್ಲಿ ನಾಲ್ಕು ಜೀವಗಳ ಔದಾರ್ಯ ಇಲ್ಲ, ಅಷ್ಟೇ.

ಗೂಂಡಾ ನಾಯಕ

ಮಾಲಿಕೆಯ ಅಧಿಪತಿ ವಾರಿಯೊ. 1992ರ 'ಸೂಪರ್ ಮಾರಿಯೊ ಲ್ಯಾಂಡ್ 2' ಎಂಬ ಗೇಮ್ ಬಾಯ್ ಆಟದಲ್ಲಿ ನಿಂಟೆಂಡೊದ ಸಭ್ಯ ನಾಯಕ ಮಾರಿಯೊನ ಪ್ರತಿಸ್ಪರ್ಧಿಯಾಗಿ ಅವತರಿಸಿದವನು. ಜಪಾನಿ ಭಾಷೆಯಲ್ಲಿ ಕೆಟ್ಟ ಎಂಬ ಅರ್ಥದ 'ವಾರುಯಿ' ಶಬ್ದವನ್ನು ಮಾರಿಯೊಗೆ ಬೆಸೆದು ಹುಟ್ಟಿದ ಹೆಸರು ಅವನದು. ದುರಾಸೆ, ದಪ್ಪ ಮೂಗು, ಚೂಪು ಮೀಸೆ, ಬೆಳ್ಳುಳ್ಳಿಯ ಮೋಹ. ವಿಡಿಯೊ ಗೇಮ್ ಮಾರಿದರೆ ಹಣ ಸುರಿಯುತ್ತದೆ ಎಂದು ಟಿವಿಯಲ್ಲಿ ನೋಡಿದೊಡನೆ ಸ್ವಂತ ಕಂಪನಿ ತೆರೆದು, ಸ್ನೇಹಿತರಿಂದ ಆಟಗಳನ್ನು ಮಾಡಿಸಿ, ಲಾಭ ತಾನೇ ನುಂಗಲು ಹೊರಡುವ ಮಹಾಶಯ. 2021ರಲ್ಲಿ ರಾಹುಲ್ ದ್ರಾವಿಡ್ ಒಂದು ಜಾಹೀರಾತಿನಲ್ಲಿ ಟ್ರಾಫಿಕ್ ನಡುವೆ ಕಾರಿನ ಮೇಲ್ಛಾವಣಿಯಿಂದ ಎದ್ದು ನಿಂತು ತಾನು ಇಂದಿರಾನಗರದ ಗೂಂಡಾ ಎಂದು ಅಬ್ಬರಿಸಿದಾಗ ದೇಶವೇ ನಕ್ಕಿತು. ಸಭ್ಯತೆಯ ಸಾಕಾರಮೂರ್ತಿ ಒಂದು ನಿಮಿಷ ರೌಡಿಯಾದುದೇ ಅಲ್ಲಿನ ಹಾಸ್ಯ. ನಿಂಟೆಂಡೊದ ಲೆಕ್ಕಾಚಾರವೂ ಅದೇ ಜಾತಿಯದು. ಮಾರಿಯೊನಿಂದ ಮಾಡಿಸಲಾಗದ ಅಸಭ್ಯ, ಅಸಂಬದ್ಧ ಕೆಲಸಗಳಿಗೆ ಅದಕ್ಕೊಬ್ಬ ಗೂಂಡಾ ಬೇಕಾಗಿದ್ದ.

ಆ ಸಂಸ್ಥೆಯ ಹಿನ್ನೆಲೆ ಸ್ವಾರಸ್ಯಕರ. 1889ರಲ್ಲಿ ಕ್ಯೋಟೊ ನಗರದಲ್ಲಿ ಫುಸಜಿರೊ ಯಮೌಚಿ ಎಂಬವರು ಕೈಯಿಂದ ತಯಾರಿಸಿದ ಹನಾಫುದ ಎಲೆಗಳನ್ನು, ಅಂದರೆ ಹೂವಿನ ಚಿತ್ರಗಳ ಇಸ್ಪೀಟನ್ನು, ಮಾರಲು ಆರಂಭಿಸಿದ್ದರಿಂದ ನಿಂಟೆಂಡೊ ಹುಟ್ಟಿತು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ಶ್ರೀತತ್ತ್ವನಿಧಿ ಗ್ರಂಥದ ಕೌತುಕನಿಧಿಯಲ್ಲಿ ಚಿತ್ರಮಯ ಎಲೆಯಾಟಗಳನ್ನು ನಿರೂಪಿಸಿದ್ದು ಅದಕ್ಕೂ ಹಿಂದೆಯೇ. ಕ್ಯೋಟೊದ ಎಲೆ ಕಾರ್ಖಾನೆಯಾಗಿ ಬೆಳೆಯಿತು, ಮೈಸೂರಿನ ಗಂಜೀಫ ಎಲೆ ಕಲಾಕೃತಿಯಾಗಿ ಉಳಿಯಿತು. ಇದರಲ್ಲಿ ಯಾವುದು ಏಳಿಗೆ, ಯಾವುದು ಇಳಿತ ಎಂಬ ಚರ್ಚೆಗೆ ಈ ಲೇಖನದಲ್ಲಿ ಜಾಗವಿಲ್ಲ.

ಎಲೆ ಮಾರುವ ಸಂಸ್ಥೆಯನ್ನು ಆಟಿಕೆಯ ಸಾಮ್ರಾಜ್ಯವಾಗಿಸಿದವರಲ್ಲಿ ಗುನ್‌ಪೇ ಯೊಕೊಯಿ ಅಗ್ರಗಣ್ಯರು. ಕಾರ್ಖಾನೆಯ ಯಂತ್ರಗಳ ದುರಸ್ತಿಗೆಂದು ಸೇರಿದ ಅವರು ಬಿಡುವಿನಲ್ಲಿ ಮಾಡಿಕೊಂಡಿದ್ದ, ದೂರದ ವಸ್ತುವನ್ನು ಹಿಡಿಯುವ ಕೈಯೊಂದು 1966ರಲ್ಲಿ 'ಅಲ್ಟ್ರಾ ಹ್ಯಾಂಡ್' ಎಂಬ ಆಟಿಕೆಯಾಗಿ ಮಾರಾಟವಾಯಿತು. 1980ರ 'ಗೇಮ್ ಅಂಡ್ ವಾಚ್', 1982ರಲ್ಲಿ ಅದರದೇ ಒಂದು ಆವೃತ್ತಿಯಲ್ಲಿ ಕಾಣಿಸಿಕೊಂಡ ಕೂಡುಚಿಹ್ನೆಯಾಕಾರದ ದಿಕ್ಕುಗುಂಡಿ, 1989ರ 'ಗೇಮ್ ಬಾಯ್' ಎಲ್ಲಕ್ಕೂ ಅವರದೇ ಮುದ್ರೆ. ಹೊಸತೆಂದು ಮೆರೆಯುವ ದುಬಾರಿ ತಂತ್ರಜ್ಞಾನ ಬೇಡ. ಹಳತಾಗಿ ಅಗ್ಗವಾದುದನ್ನು ಯಾರೂ ಯೋಚಿಸದ ಕಡೆ ಬಳಸಿದರೆ ಸಾಕು ಎಂಬುದು ಅವರ ಸಿದ್ಧಾಂತ. ಯೊಕೊಯಿ 1997ರಲ್ಲಿ ತೀರಿಕೊಂಡರು. ಅವರು ಕಟ್ಟಿದ ಮೊದಲನೇ ಸಂಶೋಧನಾ ವಿಭಾಗ ಆ ಸಿದ್ಧಾಂತವನ್ನು ಮರೆಯಲಿಲ್ಲ. ವಾರಿಯೊವೇರ್ ಜನಿಸಿದ್ದು ಅದೇ ವಿಭಾಗದಲ್ಲಿ.

ಅದರ ಬೀಜ ಬಿದ್ದದ್ದು 2000ದಲ್ಲಿ, ಜಪಾನಿನಲ್ಲಿ ಮಾತ್ರ ಮಾರಾಟವಾದ 'ಮಾರಿಯೊ ಆರ್ಟಿಸ್ಟ್: ಪಾಲಿಗಾನ್ ಸ್ಟುಡಿಯೊ' ಎಂಬ ಚಿತ್ರರಚನೆಯ ತಂತ್ರಾಂಶದಲ್ಲಿ. ಅದರ ಒಂದು ಮೂಲೆಯಲ್ಲಿ ಕೆಲವು ಕ್ಷಣಗಳಲ್ಲಿ ಮುಗಿಯುವ ಆಟಗಳಿದ್ದವು. ಆ ಮೂಲೆಯನ್ನೇ ಮನೆಯಾಗಿಸಿದರೆ ಹೇಗೆ ಎಂಬ ಆಲೋಚನೆ ಹಿರೊಫುಮಿ ಮತ್ಸುಒಕ ಅವರದು. ವಿಭಾಗದ ಯಾರಿಗೆ ಯಾವ ಹುಚ್ಚು ಕಲ್ಪನೆ ಹೊಳೆದರೂ ಅಂಟುಚೀಟಿಯಲ್ಲಿ ಗೀಚಿ ಅವರ ಮೇಜಿಗೆ ಅಂಟಿಸಬಹುದಿತ್ತು. 'ಮೆಟ್ರಾಯ್ಡ್' ಆಟದ ಖ್ಯಾತಿಯ ಯೊಶಿಯೊ ಸಕಾಮೊಟೊ, ಮುಂದೆ ಮಾಲಿಕೆಯ ಚುಕ್ಕಾಣಿ ಹಿಡಿದ ಗೊರೊ ಅಬೆ, ಪಾತ್ರಗಳಿಗೆ ರೂಪ ಕೊಟ್ಟ ಕೊ ತಕೆವುಚಿ ಈ ತಂಡದ ಪ್ರಮುಖರು. 2003ರ ಮಾರ್ಚ್ 21ರಂದು ಗೇಮ್ ಬಾಯ್ ಅಡ್ವಾನ್ಸ್‌ಗಾಗಿ ಮೊದಲ ಆಟ ಬಂತು. ಇನ್ನೂರಕ್ಕೂ ಹೆಚ್ಚು ಮೈಕ್ರೋಗೇಮ್‌ಗಳು, ಅವೆಲ್ಲಕ್ಕೂ ದಿಕ್ಕುಗುಂಡಿ ಮತ್ತು ಒಂದೇ ಒಂದು ಬಟನ್. ಮೂಗಿನ ಹೊಳ್ಳೆಗೆ ಬೆರಳು ತೂರಿಸುವುದು ಒಂದು ಆಟ. ಸುಂದರಿಯೊಬ್ಬಳ ಮೂಗಿನಿಂದ ಇಳಿಯುವ ಸಿಂಬಳವನ್ನು ಸೊರ್ರೆಂದು ಮೇಲೆಳೆಯುವುದು ಇನ್ನೊಂದು. ಕಣ್ಣಿಗೆ ಗುರಿಯಿಟ್ಟು ಔಷಧಿಯ ಹನಿ ಬಿಡುವುದು ಮತ್ತೊಂದು. ಅಸಹ್ಯ ಎನ್ನುವವರು ಎನ್ನಲಿ. ಒಮ್ಮೆ ಆಡಿದವರು ಮತ್ತೆ ಯಂತ್ರ ಕೆಳಗಿಡುವುದಿಲ್ಲ.

ಆದರೆ ಇದಿನ್ನೂ ವಾಮನನ ಮೊದಲ ಹೆಜ್ಜೆ. ಬೆರಳು ಇಲ್ಲಿ ಗುಂಡಿಯ ಮೇಲೆಯೇ ಇತ್ತು.

ಬುಗುರಿಯ ಮೊಮ್ಮಗ

ಮುಂದಿನ ಆಟಗಳ ಜಪಾನಿ ಹೆಸರುಗಳು ಇಡೀ ಮಾಲಿಕೆಯ ಗುಟ್ಟನ್ನು ಬಿಟ್ಟುಕೊಡುತ್ತವೆ. ಮೊದಲನೆಯದು ಬರಿಯ 'ಮೇಡ್ ಇನ್ ವಾರಿಯೊ'. ಆಮೇಲಿನ ಹಲವು ಹೆಸರುಗಳಿಗೆ ಒಂದೊಂದು ಕ್ರಿಯಾಪದ ಮುಂದೆ ಬಂದು ಸೇರಿತು: 'ಮವಾರು', ತಿರುಗು. 'ಸವಾರು', ಮುಟ್ಟು. 'ಒದೊರು', ಕುಣಿ. ಪ್ರತಿ ಬಾರಿಯೂ ತಂಡ ಬದಲಾಯಿಸಿದ್ದು ಕಥೆಯನ್ನಲ್ಲ, ಆಡುವವರ ಕೈ ಮಾಡಬೇಕಾದ ಕೆಲಸವನ್ನು. ಆದ್ದರಿಂದ ಈ ಆಟಗಳನ್ನು ತೂಗಿ ನೋಡುವವರು ಎಷ್ಟು ಮೈಕ್ರೋಗೇಮ್ ಇವೆ ಎಂದು ಎಣಿಸುತ್ತಾ ಕೂರಬಾರದು. ಆ ಕ್ರಿಯಾಪದ ಕೈಯಲ್ಲಿ ಎಷ್ಟು ಜೀವಂತವಾಯಿತು ಎಂದು ಕೇಳಬೇಕು.

ಆ ತಕ್ಕಡಿಯಲ್ಲಿ 'ಟ್ವಿಸ್ಟೆಡ್'ಗೆ ಸರಿಸಾಟಿ ಇಲ್ಲ. 2004ರ ಅಕ್ಟೋಬರ್ 14ರಂದು ಜಪಾನಿನಲ್ಲಿ, ಮರುವರ್ಷದ ಮೇ ತಿಂಗಳಲ್ಲಿ ಅಮೆರಿಕ ಮತ್ತು ಆಸ್ಟ್ರೇಲಿಯಾದಲ್ಲಿ ಬಂದ ಈ ಆಟ ಯುರೋಪಿನಲ್ಲಿ ಬಿಡುಗಡೆಯೇ ಆಗಲಿಲ್ಲ. ಕೋಪದಲ್ಲಿ ವಾರಿಯೊ ತನ್ನ ಗೇಮ್ ಬಾಯನ್ನು ಗೋಡೆಗೆ ಅಪ್ಪಳಿಸುತ್ತಾನೆ. ದುರಸ್ತಿಗೆಂದು ವಿಜ್ಞಾನಿ ಮಿತ್ರ ಡಾಕ್ಟರ್ ಕ್ರೈಗರ್‌ಗೆ ಕೊಟ್ಟರೆ ಅದು ವಿಚಿತ್ರ ರೂಪ ತಾಳಿ ಹೊರಬರುತ್ತದೆ. ಕಥೆ ಅಷ್ಟೇ. ನಿಜವಾದ ವಿಚಿತ್ರ ರೂಪ ಇದ್ದದ್ದು ನಮ್ಮ ಮಕ್ಕಳು ಕ್ಯಾಸೆಟ್ ಎಂದು ಕರೆಯುವ ಆ ಪುಟ್ಟ ಪ್ಲಾಸ್ಟಿಕ್ ಬಿಲ್ಲೆಯಲ್ಲಿ. ಅದರೊಳಗೆ ಒಂದು ಗೈರೊ ಸೆನ್ಸರ್ ಮತ್ತು ಕಂಪನ ಹುಟ್ಟಿಸುವ ಒಂದು ಮೋಟಾರು ಕೂತಿದ್ದವು. ಯಂತ್ರವನ್ನು ತಿರುಗಿಸಿದರೆ ಪರದೆಯ ಲೋಕವೂ ತಿರುಗುತ್ತದೆ. ಆಟದ ಪಟ್ಟಿಯಿಂದ ಆಯ್ದುಕೊಳ್ಳುವುದೂ ತಿರುಗಿಸಿಯೇ. ಪ್ರತಿ ಹೊರಳಿಗೂ ಬೀಗದ ಹಲ್ಲು ಜಾರಿದಂತೆ ಕಟಕಟ ಕಂಪನ ಅಂಗೈಗೆ ಮುಟ್ಟುತ್ತದೆ. ಒಂದು ಪಾತ್ರದ ಆಟಗಳಿಗೆ ಮಣಿಕಟ್ಟಿನ ಸಣ್ಣ ಹೊರಳು ಸಾಕು. ಇನ್ನೊಂದರ ಆಟಗಳಿಗೆ ಯಂತ್ರವನ್ನು ಪೂರ್ಣ ಸುತ್ತು ಸುತ್ತಿಸಬೇಕು, ಎರಡು ಕೈ ಒಂದಕ್ಕೊಂದು ಹೆಣೆದುಕೊಳ್ಳುವಷ್ಟು.

ಈ ಚಮತ್ಕಾರದ ಒಳಗುಟ್ಟು ತಿಳಿಯಲು ಜಾತ್ರೆಗೆ ಹೋಗಬೇಕು. ಗಾಜಿನ ಮುಚ್ಚಳದ ಚಿಕ್ಕ ತಗಡಿನ ಡಬ್ಬಿ, ಒಳಗೆ ಎರಡು ಮೂರು ಉಕ್ಕಿನ ಗುಂಡುಗಳು, ಹುಲಿಯ ಚಿತ್ರದ ಕಣ್ಣಿನ ಜಾಗದಲ್ಲಿ ತೂತು: ಅತ್ತಿತ್ತ ವಾಲಿಸಿ ಗುಂಡುಗಳನ್ನು ತೂತಿನಲ್ಲಿ ಕೂರಿಸುವ ಆ ಆಟವನ್ನು ನಮ್ಮ ತಲೆಮಾರಿನಲ್ಲಿ ಆಡದವರು ಕಡಿಮೆ. ಅದರ ಪಕ್ಕದಲ್ಲೇ ನೀರು ತುಂಬಿದ ಡಬ್ಬಿ ಇರುತ್ತಿತ್ತು, ಗುಂಡಿ ಒತ್ತಿದರೆ ಬಣ್ಣದ ಬಳೆಗಳು ತೇಲಿ ಕಡ್ಡಿಗೆ ಸಿಕ್ಕಿಕೊಳ್ಳುವಂಥದು. ತಗಡಿನ ಡಬ್ಬಿಯ ಆಟ ನಡೆಯುವುದು ಗುರುತ್ವದಿಂದ. ನಿಂಟೆಂಡೊ 2000ದಲ್ಲಿ ಜಪಾನಿನಲ್ಲಿ ತಂದ, ಕರ್ಬಿ ಎಂಬ ಚೆಂಡಿನಂಥ ಪಾತ್ರವನ್ನು ವಾಲಿಸಿ ಉರುಳಿಸುವ ಆಟವೂ ಅದೇ ತತ್ತ್ವದ್ದು. ಅದರ ಕ್ಯಾಸೆಟ್ಟಿನಲ್ಲಿದ್ದ ಸೆನ್ಸರ್ ಅಳೆಯುತ್ತಿದ್ದುದು ವಾಲುವಿಕೆಯನ್ನು. ಹಾಗಾಗಿ ಮಲಗಿಕೊಂಡು ಆಡಿದರೆ ಅದು ಕಕ್ಕಾಬಿಕ್ಕಿ. 'ಟ್ವಿಸ್ಟೆಡ್'ನ ಗೈರೊಗೆ ಭೂಮಿ ಯಾವ ದಿಕ್ಕಿಗಿದೆ ಎಂಬ ಗೊಡವೆಯೇ ಇಲ್ಲ. ಅದು ಅಳೆಯುವುದು ತಿರುಗುವ ವೇಗವನ್ನು ಮಾತ್ರ. ಕೂತು, ನಿಂತು, ಅಂಗಾತ ಮಲಗಿ ಹೇಗೆ ಆಡಿದರೂ ಅದರ ಲೆಕ್ಕ ತಪ್ಪದು. ಷರತ್ತು ಒಂದೇ: ಶುರುಮಾಡುವಾಗ ಯಂತ್ರವನ್ನು ಅಲುಗಾಡಿಸಬಾರದು.

ಗೈರೊಸ್ಕೋಪಿನ ಮೂಲಪುರುಷ ಬುಗುರಿ. ಚನ್ನಪಟ್ಟಣದ ಅರಗಿನ ಬಣ್ಣದ ಬುಗುರಿ ತಿರುಗುತ್ತಿರುವವರೆಗೆ ತನ್ನ ಅಕ್ಷವನ್ನು ಬಿಟ್ಟುಕೊಡುವುದಿಲ್ಲ. ಆ ಹಟವನ್ನೇ ಚೌಕಟ್ಟಿನೊಳಗೆ ಕೂರಿಸಿ ಹಡಗು ವಿಮಾನಗಳಿಗೆ ದಿಕ್ಕು ತಿಳಿಸುವ ಉಪಕರಣ ಮಾಡಿದರು. ಕ್ಯಾಸೆಟ್ಟಿನೊಳಗೆ ಬುಗುರಿ ತಿರುಗಿಸಲು ಜಾಗವೆಲ್ಲಿ? ಅಲ್ಲಿರುವುದು ಪೀಜೊ ವಿದ್ಯುತ್ ಗುಣವುಳ್ಳ, ಸದಾ ಕಂಪಿಸುತ್ತಿರುವ ಒಂದು ಸೂಕ್ಷ್ಮ ತುಣುಕು. ಕಂಪಿಸುವ ವಸ್ತುವನ್ನು ತಿರುಗಿಸಿದಾಗ ಅದರ ಮೇಲೆ ಅಡ್ಡಲಾಗಿ ಕೊರಿಯೊಲಿಸ್ ಬಲ ಎರಗುತ್ತದೆ. ಆ ಬಲ ಹುಟ್ಟಿಸುವ ಕಿಂಚಿತ್ ವಿದ್ಯುತ್ತೇ ಎಷ್ಟು ವೇಗವಾಗಿ ತಿರುಗಿತೆಂಬುದರ ಅಳತೆ.

ಇಂದಿರಾನಗರಕ್ಕೆ ಈ ವಿದ್ಯೆಯ ನೆರೆಹೊರೆ ಹಳೆಯದು. ಬಡಾವಣೆಯ ಒಂದು ಭಾಗದ ಹೆಸರೇ ಎಚ್‌ಎಎಲ್ ಎರಡನೇ ಹಂತ. 1940ರ ಡಿಸೆಂಬರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಎಂಬ ಹೆಸರಿನಲ್ಲಿ ಆರಂಭವಾದ ಎಚ್‌ಎಎಲ್ ಕಾರ್ಖಾನೆಯ ವಿಮಾನನೆಲೆ ಪಕ್ಕದಲ್ಲಿಯೇ ಇದೆ. 2001ರ ಜನವರಿ 4ರಂದು ತೇಜಸ್ ಯುದ್ಧವಿಮಾನ ಮೊದಲ ಬಾರಿ ನೆಲ ಬಿಟ್ಟದ್ದು ಅಲ್ಲಿಂದ. ಸ್ವಭಾವತಃ ಅಸ್ಥಿರವಾಗಿಯೇ ವಿನ್ಯಾಸಗೊಂಡ ಆ ವಿಮಾನ ಆಕಾಶದಲ್ಲಿ ನೆಟ್ಟಗೆ ಹಾರುವುದು, ಅದರ ಪ್ರತಿ ಹೊರಳನ್ನೂ ಕ್ಷಣಕ್ಷಣಕ್ಕೆ ಅಳೆದು ಗಣಕಕ್ಕೆ ತಿಳಿಸುವ ಗೈರೊಗಳ ಬಲದಿಂದ. ಹಳೆ ವಿಮಾನ ನಿಲ್ದಾಣ ರಸ್ತೆಯಲ್ಲಿರುವ ಇಸ್ರೊದ ಉಪಗ್ರಹ ಕೇಂದ್ರದಲ್ಲಿ ರೂಪುಗೊಳ್ಳುವ ಉಪಗ್ರಹಗಳೂ ತಮ್ಮ ಮುಖ ಎತ್ತ ತಿರುಗಿದೆ ಎಂದು ತಿಳಿಯಲು ಗೈರೊಗಳನ್ನೇ ನಂಬುತ್ತವೆ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ನಿಲ್ದಾಣ ತೆರೆಯುವವರೆಗೆ ಪ್ರಯಾಣಿಕರ ವಿಮಾನಗಳೂ ಈ ಕಡೆಯೇ ಇಳಿಯುತ್ತಿದ್ದವು. ತಲೆಯ ಮೇಲೆ ವಿಮಾನ, ಕೈಯಲ್ಲಿ 'ಟ್ವಿಸ್ಟೆಡ್' ಹಿಡಿದ ಅಂದಿನ ಬಾಲಕನಿಗೆ ಎರಡರ ಹೊಟ್ಟೆಯಲ್ಲೂ ಒಂದೇ ಕುಲದ ಬುಗುರಿ ಇದೆಯೆಂಬುದು ಗೊತ್ತಿರಲಿಕ್ಕಿಲ್ಲ.

ನನಗಂತೂ ಅದು ಗೊತ್ತಾದದ್ದು ಮೋಸಹೋದ ಮೇಲೆ. ಊರ ನಡುವಿನ ಮಾರುಕಟ್ಟೆಯೊಂದರಲ್ಲಿ ಚೌಕಾಸಿ ಮಾಡಿ ಅಗ್ಗಕ್ಕೆ 'ಟ್ವಿಸ್ಟೆಡ್' ಕ್ಯಾಸೆಟ್ ತಂದಿದ್ದೆ. ಮನೆಗೆ ಬಂದು ಹಾಕಿದರೆ ಸಂಗೀತ ಬಂತು, ವಾರಿಯೊ ಬಂದ, ಬಣ್ಣಗಳೆಲ್ಲ ಸರಿಯಾಗಿಯೇ ಬಂದವು. ತಿರುಗಿಸಿದರೆ ಮಾತ್ರ ಏನೂ ಆಗದು. ಕುಲುಕಿದೆ, ಗಿರಕಿ ಹೊಡೆಸಿದೆ, ನಾನೇ ಕುರ್ಚಿಯ ಸಮೇತ ತಿರುಗಿದೆ. ನಕಲಿ ಮಾಡಿದವರು ಆಟವನ್ನು ಪೂರ್ತಿ ಕದ್ದಿದ್ದರು, ಸೆನ್ಸರ್ ಹಾಕುವ ಖರ್ಚು ಉಳಿಸಿದ್ದರು. ಮರುದಿನ ಅಂಗಡಿಯವರು, "ಓಡ್ತಾ ಇದೆಯಲ್ಲ ಸಾರ್, ಇನ್ನೇನು?" ಎಂದರು. ಓಡುತ್ತಿತ್ತು, ನಿಜ. ತಿರುಗುತ್ತಿರಲಿಲ್ಲ.

ಮುಟ್ಟು, ನೋಡು, ಮಾಡು

'ಟ್ವಿಸ್ಟೆಡ್' ಬಂದು ಎರಡು ತಿಂಗಳೂ ತುಂಬಿರಲಿಲ್ಲ, 2004ರ ಡಿಸೆಂಬರ್ 2ರಂದು ಎರಡು ಪರದೆಗಳ ನಿಂಟೆಂಡೊ ಡಿಎಸ್ ಜಪಾನಿಗೆ ಬಂದ ದಿನವೇ 'ಟಚ್ಡ್' ಅಂಗಡಿಗೆ ಬಂತು. ಇಲ್ಲಿ ಗುಂಡಿಯಿಲ್ಲ; ಕಡ್ಡಿಯಂಥ ಲೇಖನಿ ಮತ್ತು ಮುಟ್ಟಿದರೆ ಅರಿಯುವ ಪರದೆ. ಸುಮಾರು 180 ಆಟಗಳು. ಒಬ್ಬರ ಆಟಗಳಲ್ಲಿ ಉಜ್ಜಬೇಕು, ಇನ್ನೊಬ್ಬರದರಲ್ಲಿ ಕತ್ತರಿಸಬೇಕು, ಮತ್ತೊಬ್ಬರದರಲ್ಲಿ ಎಳೆಯಬೇಕು. ಮೈಕ್ ಎಂಬ ಯಂತ್ರಮಾನವನ ಆಟಗಳಿಗೆ ಲೇಖನಿಯೂ ಬೇಡ, ಯಂತ್ರದ ಮೈಕಿಗೆ ಉಫ್ ಎಂದು ಊದಬೇಕು. ಮನೆಯಲ್ಲಿ ಹಿರಿಯರಿಂದ ಆಡಿಸಲು ಇದಕ್ಕಿಂತ ಸುಲಭದ್ದು ಇನ್ನೊಂದಿಲ್ಲ. ರಂಗೋಲಿ ಎಳೆದ ಕೈಗೆ ಕಡ್ಡಿ ಎಳೆಯುವುದು ಹೇಳಿಕೊಡಬೇಕಾಗಿಲ್ಲ. ಆದರೂ ವಿಮರ್ಶಕನ ಕರ್ತವ್ಯವೆಂದು ಹೇಳಲೇಬೇಕು: ಸ್ಪರ್ಶ ಇಂದು ಪ್ರತಿ ಮೊಬೈಲಿನ ಮಾಮೂಲಿ ಗುಣ. 2004ರಲ್ಲಿ ಬೆರಗೆನಿಸಿದ್ದು 2010ರ ಹೊತ್ತಿಗೆ ದಿನಚರಿಯಾಯಿತು. 'ಟಚ್ಡ್' ಚೆನ್ನಾಗಿದೆ, ಆದರೆ ಬೇಗ ಮುಗಿಯುತ್ತದೆ, ಬೇಗ ಹಳತೂ ಆಯಿತು. ತಿರುಗಿಸುವ ಸುಖ ಹಳತಾಗಿಲ್ಲ. ಗೈರೊ ನಮ್ಮ ಫೋನುಗಳಲ್ಲೂ ಇದೆ. ಅದರಿಂದ ನಗಿಸುವುದು ಹೇಗೆಂದು ಫೋನಿನವರಿಗೆ ಹೊಳೆದಿಲ್ಲ.

'ಸ್ನ್ಯಾಪ್ಡ್' ಬಗ್ಗೆ ಹೆಚ್ಚು ಬರೆಯುವುದು ಬೇಡ. 2008ರ ಡಿಸೆಂಬರಿನಲ್ಲಿ ಡಿಎಸ್ಐ ಯಂತ್ರದ ಕ್ಯಾಮೆರಾಗೆಂದು ಬಂದದ್ದು, ಬರೀ 20 ಆಟ. ಯಂತ್ರವನ್ನು ಮೇಜಿನ ಮೇಲಿಟ್ಟು ಅದರ ಮುಂದೆ ಮುಖ, ಕೈ ಆಡಿಸಬೇಕು. ಬೆಳಕು ಸಾಲದಿದ್ದರೆ, ಹಿಂದೆ ಯಾರಾದರೂ ಓಡಾಡಿದರೆ ಅದಕ್ಕೆ ಕಣ್ಣೇ ಕಾಣದು. ಕೊನೆಯಲ್ಲಿ ಆಡಿದವರ ಮುಖಚೇಷ್ಟೆಗಳನ್ನೇ ಚಲನಚಿತ್ರವಾಗಿ ತೋರಿಸುತ್ತದೆ. ಅದೊಂದು ಗಳಿಗೆಗಾಗಿ ಕ್ಷಮಿಸಬಹುದು.

2009ರ ಏಪ್ರಿಲಿನಲ್ಲಿ ಜಪಾನಿನಲ್ಲಿ, 2010ರಲ್ಲಿ ಹೊರಜಗತ್ತಿಗೆ ಬಂದ 'ಡಿ.ಐ.ವೈ.' ಮಾತ್ರ ಬೇರೆಯೇ ಎತ್ತರದ್ದು. ಅದರ ಕ್ರಿಯಾಪದ 'ಮಾಡು'. ಆಡುವವರೇ ಮೈಕ್ರೋಗೇಮ್ ರಚಿಸಬಹುದು: ಚಿತ್ರ ಬರೆಯುವುದು, ನಾಲ್ಕಾರು ಸ್ವರಗಳ ಸಂಗೀತ ಜೋಡಿಸುವುದು, ಯಾವುದನ್ನು ಮುಟ್ಟಿದರೆ ಏನಾಗಬೇಕೆಂಬ ನಿಯಮ ಬರೆಯುವುದು ಎಲ್ಲವೂ ಲೇಖನಿಯಿಂದಲೇ. ರಚಿಸಿದ ಆಟ ಅರಿಯುವುದು ಒಂದೇ ಕ್ರಿಯೆಯನ್ನು, ತಟ್ಟುವುದನ್ನು. ಎಳೆಯಲಾಗದು, ಊದಲಾಗದು. ಈ ನಿರ್ಬಂಧವೇ ಗುರುವಾಗುತ್ತದೆ; ತಟ್ಟುವುದೊಂದರಿಂದ ಏನೆಲ್ಲ ಸಾಧ್ಯ ಎಂದು ತಲೆ ಓಡತೊಡಗುತ್ತದೆ. ಅಕ್ಕನ ಮಗಳೂ ನಾನೂ ಸೇರಿ ಮಾಡಿದ ಒಂದು ಆಟದಲ್ಲಿ ನೂರಡಿ ರಸ್ತೆಯಲ್ಲಿ ಆಟೊಗಳು ಸಾಲಾಗಿ ಸಾಗುತ್ತವೆ. ಚಾಲಕರೆಲ್ಲ ತಲೆ ಅಡ್ಡಡ್ಡ ಆಡಿಸುತ್ತಾರೆ. ಒಬ್ಬರು ಮಾತ್ರ ಕ್ಷಣಕಾಲ ಹೂಂ ಎನ್ನುತ್ತಾರೆ. ಆ ಕ್ಷಣ ತಟ್ಟಬೇಕು. ಯಂತ್ರದ ಕೀಲಿಮಣೆಯಲ್ಲಿ ಕನ್ನಡ ಇಲ್ಲವಾದ್ದರಿಂದ 'ಬರ್ತೀರಾ' ಎಂಬ ಮೂರಕ್ಷರವನ್ನು ಚಿತ್ರವಾಗಿಯೇ ಬರೆದೆವು, ಚುಕ್ಕಿ ಚುಕ್ಕಿ ಸೇರಿಸಿ. 'ರ್ತೀ'ಗೆ ಒಂದು ಸಂಜೆ ಹಿಡಿಯಿತು. ಆಟವನ್ನು ಮೊದಲು ಆಡಿದ ಅಕ್ಕ, "ಇದು ಆಟ ಅಲ್ಲ, ನನ್ನ ಆಫೀಸು ಬಿಟ್ಟ ಮೇಲಿನ ಗೋಳು" ಎಂದಳು.

ಆ ಹೊತ್ತಿಗೆ ಬೆಂಗಳೂರು ಬೇರೆಯವರ ಆಟ ಆಡುವ ಊರಷ್ಟೇ ಆಗಿ ಉಳಿದಿರಲಿಲ್ಲ. 1997ರಲ್ಲಿ ರಾಜೇಶ್ ರಾವ್ ಇಲ್ಲಿ ಆರಂಭಿಸಿದ 'ಧ್ರುವ ಇಂಟರಾಕ್ಟಿವ್' ಭಾರತದ ಮೊದಲ ವಿಡಿಯೊ ಗೇಮ್ ನಿರ್ಮಾಣ ಸಂಸ್ಥೆಗಳಲ್ಲೊಂದು. ಹೊರದೇಶಗಳ ದೊಡ್ಡ ದೊಡ್ಡ ಆಟಗಳ ಚಿತ್ರಕಲೆಯ ಕೆಲಸ ಇಲ್ಲಿ ನಡೆಯಿತು. 2019ರಲ್ಲಿ ಅದು ರಾಕ್‌ಸ್ಟಾರ್ ಗೇಮ್ಸ್ ಪಾಲಾಗಿ ರಾಕ್‌ಸ್ಟಾರ್ ಇಂಡಿಯಾದೊಳಗೆ ಬೆರೆತುಹೋಯಿತು. ನೂರಾರು ಜನ ವರ್ಷಗಟ್ಟಲೆ ದುಡಿದು ಕಟ್ಟುವ ಬೃಹದಾಟ ಒಂದು ತುದಿ, ಲೇಖನಿ ಹಿಡಿದ ಮಗು ಒಂದು ಮಧ್ಯಾಹ್ನದಲ್ಲಿ ಮಾಡುವ ಐದು ಸೆಕೆಂಡಿನ ಆಟ ಇನ್ನೊಂದು ತುದಿ. ಎರಡಕ್ಕೂ ಬೇಕಾದ ಬುದ್ಧಿ ಒಂದೇ. ಇಂಥ ಊರಿನ ಮಕ್ಕಳಿಗೆ 'ಡಿ.ಐ.ವೈ.'ಗಿಂತ ಉತ್ತಮ ಮೊದಲ ಪಾಠ ನನಗೆ ಗೊತ್ತಿಲ್ಲ. ರಚಿಸಿದ ಆಟಗಳನ್ನು ಅಂತರ್ಜಾಲದಲ್ಲಿ ಹಂಚಿಕೊಳ್ಳುವ ಸೌಲಭ್ಯವನ್ನು 2014ರ ಮೇ ತಿಂಗಳಲ್ಲಿ ನಿಂಟೆಂಡೊ ಮುಚ್ಚಿದ್ದು ದೊಡ್ಡ ನಷ್ಟ.

ನಡುವೆ ಟಿವಿಗೆ ಜೋಡಿಸಿ ಆಡುವ ಆಟಗಳೂ ಬಂದವು. 2006ರಲ್ಲಿ ವೀ ಯಂತ್ರದ 'ಸ್ಮೂತ್ ಮೂವ್ಸ್'ನಲ್ಲಿ ರಿಮೋಟನ್ನು ತಲೆಯ ಮೇಲೆ, ಸೊಂಟದ ಬಳಿ, ಮೂಗಿನ ಮುಂದೆ ಹಿಡಿದು ನಾನಾ ಭಂಗಿಗಳಲ್ಲಿ ನಿಲ್ಲಬೇಕು. ನಾಟ್ಯಶಾಸ್ತ್ರವನ್ನು ಸರ್ಕಸ್ಸಿಗೆ ಕೊಟ್ಟಂತೆ. ಹಬ್ಬಕ್ಕೆ ನೆಂಟರು ಸೇರಿದಾಗ ಅದಕ್ಕೆ ಎದುರಿಲ್ಲ. ಆದರೆ ಅಂಗೈಯೊಳಗಿನ ಆಟದ ಗೌಪ್ಯ ಸುಖವೇ ಬೇರೆ.

ಅಂಗೈ ಯಂತ್ರಗಳ ಅಧ್ಯಾಯಕ್ಕೆ ಭವ್ಯವಾದ ಸಮಾಪ್ತಿ 2018ರ 'ಗೋಲ್ಡ್', ನಿಂಟೆಂಡೊ 3ಡಿಎಸ್‌ಗಾಗಿ. ಒತ್ತುವುದು, ತಿರುಗಿಸುವುದು, ಮುಟ್ಟುವುದು, ಊದುವುದು ನಾಲ್ಕನ್ನೂ ಒಂದೇ ಕ್ಯಾಸೆಟ್ಟಿನಲ್ಲಿ ತಂದು 300 ಮೈಕ್ರೋಗೇಮ್‌ಗಳನ್ನು ಅದು ಪೇರಿಸಿತು. ಹಳೆಯ ಆಟಗಳು ಹೊಸ ಉಡುಗೆ ತೊಟ್ಟು ಬಂದವು, ಪಾತ್ರಗಳಿಗೆಲ್ಲ ಮಾತು ಬಂತು. ಕೊನೆಕೊನೆಯ ಸುತ್ತುಗಳಲ್ಲಿ ಈಗ ಒತ್ತಬೇಕೋ, ತಿರುಗಿಸಬೇಕೋ, ಮುಟ್ಟಬೇಕೋ ಎಂಬುದೇ ಕೊನೇ ಗಳಿಗೆಯವರೆಗೆ ತಿಳಿಯದೆ ಎರಡು ಕೈಗೂ ಹತ್ತು ಕೈಗಳ ಕೆಲಸ ಬೀಳುತ್ತದೆ. ಹೊಸಬರಿಗೆ ಇದೇ ಹೆಬ್ಬಾಗಿಲು. ಹಳಬರ ಕೈ ಮಾತ್ರ 'ಟ್ವಿಸ್ಟೆಡ್'ನ ಆ ಕಟಕಟ ಕಂಪನವನ್ನು ಹುಡುಕುತ್ತದೆ. 'ಗೋಲ್ಡ್' ತಿರುಗುತ್ತದೆ, ಆದರೆ ಅಂಗೈಗೆ ಏನೂ ಹೇಳುವುದಿಲ್ಲ.

ಸ್ವಿಚ್ ಯಂತ್ರಕ್ಕೆ 2021ರಲ್ಲಿ ಬಂದ 'ಗೆಟ್ ಇಟ್ ಟುಗೆದರ್'ನಲ್ಲಿ ಪಾತ್ರಗಳೇ ಆಟದೊಳಗೆ ಇಳಿಯುತ್ತವೆ, ಪ್ರತಿಯೊಬ್ಬರ ಚಲನೆಯೂ ಬೇರೆ. ಜಾಣ್ಮೆಯಿದೆ, ಆದರೆ ಆಡುವವರ ಕೈಗೆ ಹೊಸ ಕೆಲಸವಿಲ್ಲ. 2023ರ ನವೆಂಬರಿನ 'ಮೂವ್ ಇಟ್' ಮತ್ತೆ ಎರಡೂ ಕೈಗಳನ್ನು ಗಾಳಿಗೆತ್ತಿಸಿ ಕುಣಿಸಿತು. ಅದರ ಜಪಾನಿ ಹೆಸರಿನಲ್ಲಿ 'ಒದೊರು' ಮರಳಿದೆ. ಅದೇ ವರ್ಷದ ಫೆಬ್ರುವರಿಯಲ್ಲಿ 2003ರ ಮೂಲ ಆಟ ಸ್ವಿಚ್ ಆನ್‌ಲೈನ್ ಚಂದಾದಾರರ ಪಟ್ಟಿಗೆ ಸೇರಿತು. ಮಾರ್ಚ್ 27ರಂದು 3ಡಿಎಸ್‌ನ ಅಂತರ್ಜಾಲ ಅಂಗಡಿ ಮುಚ್ಚಿದ್ದರಿಂದ, ಕ್ಯಾಸೆಟ್ ರೂಪದಲ್ಲಿ ಎಂದೂ ಬಾರದ 'ಸ್ನ್ಯಾಪ್ಡ್' ಕೊಳ್ಳುವ ದಾರಿಯೂ ಮುಚ್ಚಿತು.

ಕೈಯಂತ್ರದ ಆಟಗಳಲ್ಲಿ ನನ್ನ ಕ್ರಮಾಂಕ ಇದು: ಮೊದಲು 'ಟ್ವಿಸ್ಟೆಡ್', ಅದರ ಬೆನ್ನಿಗೇ 'ಡಿ.ಐ.ವೈ.', ಆಮೇಲೆ 2003ರ ಮೂಲ ಆಟ, ಬಳಿಕ 'ಗೋಲ್ಡ್', 'ಟಚ್ಡ್', ಕಟ್ಟಕಡೆಗೆ 'ಸ್ನ್ಯಾಪ್ಡ್'. ಅಮೆರಿಕದಿಂದ ಬರುವ ನೆಂಟರಿಗೆ ಹೇಳಿ ತರಿಸುವ ಮನೆಗಳು ಒಂದು ವಿಷಯ ನೆನಪಿಡುವುದು ಲೇಸು. ಗೇಮ್ ಬಾಯ್ ಅಡ್ವಾನ್ಸ್ ಕ್ಯಾಸೆಟ್ಟುಗಳಿಗೆ ದೇಶದ ಕಟ್ಟುಪಾಡಿಲ್ಲ, ಎಲ್ಲಿಯದಾದರೂ ನಡೆಯುತ್ತದೆ. 3ಡಿಎಸ್ ಮಾತ್ರ ತನ್ನ ಸೀಮೆಯ ಕ್ಯಾಸೆಟ್ಟನ್ನಷ್ಟೇ ಓದುತ್ತದೆ. ಇಲ್ಲಿಯೇ ಹಳೆಯ 'ಟ್ವಿಸ್ಟೆಡ್' ಸಿಕ್ಕಿತೆಂದು ಕೊಳ್ಳುವುದಾದರೆ, ಹಣ ಕೊಡುವ ಮುನ್ನ ಅಂಗಡಿಯಲ್ಲೇ ಯಂತ್ರಕ್ಕೆ ಹಾಕಿ ಒಂದು ಸುತ್ತು ತಿರುಗಿಸಿ ನೋಡಬೇಕು.